ಕುರಿ ಕಾಯುವವನ ಪಾಲು

ಯಾವ ಊರಿನ ಯಾವ ಅಂಗಡಿಯ ಮುಂದೆ ನಿಂತರೂ ನನ್ನ ಬಾಯಿಂದ ಮೊದಲು ಹೊರಡುವ ಮಾತು ‘ಒಂದು ಪಾರ್ಸಲ್’ ಎಂಬುದೇ. ನನಗೇನು ಬೇಕು ಎಂಬುದು ಆಮೇಲೆ ಹೊಳೆಯುತ್ತದೆ. ಮದುವೆಯಾದ ಹೊಸದರಲ್ಲಿ ನನ್ನ ಹೆಂಡತಿ ಇದನ್ನು ನಾಚಿಕೆ ಎಂದುಕೊಂಡಿದ್ದಳು, ಆಮೇಲೆ ಮರೆವು ಎಂದುಕೊಂಡಳು, ಈಗ ಏನೂ ಅಂದುಕೊಳ್ಳುವುದಿಲ್ಲ. ಚೀಲದಲ್ಲಿ ಒಂದು ಖಾಲಿ ಡಬ್ಬಿ ಇಟ್ಟುಕೊಂಡೇ ಮನೆಯಿಂದ ಹೊರಡುತ್ತಾಳೆ. ನನ್ನನ್ನು ಕೇಳಿದರೆ ಇದು ನಮ್ಮ ಮನೆತನದ ಲಕ್ಷಣ. ಕೆಲವು ಮನೆತನಗಳಿಗೆ ಉದ್ದ ಮೂಗಿರುತ್ತದೆ, ಕೆಲವಕ್ಕೆ ಒಳ್ಳೆಯ ಕಂಠವಿರುತ್ತದೆ, ನಮಗೆ ಪಾರ್ಸಲ್ ಇದೆ. ಅದರ ಬಗ್ಗೆ ನನಗೆ ಸ್ವಲ್ಪ ಜಂಬವೂ ಇದೆ, ಮೊದಲೇ ಹೇಳಿಬಿಡುತ್ತೇನೆ.

ನಮ್ಮದು ಸೇಲಂ ಕಡೆಯ ಮೇಚೇರಿಯ ಪಕ್ಕದ ಒಂದು ಹಳ್ಳಿ. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಅಂಗಡಿಯಲ್ಲಿ ತಿಂಡಿ ಕೇಳುವುದು ತಮಿಳಿನಲ್ಲಿ, ಬಾಯಿಗಿಟ್ಟ ಮೇಲೆ ‘ಚೆನ್ನಾಗೈತೆ’ ಅನ್ನುವುದು ಕನ್ನಡದಲ್ಲಿ. ನಾನು ಓದಿದ್ದೆಲ್ಲ ತಮಿಳಿನಲ್ಲೇ. ಕನ್ನಡದ ಅಕ್ಷರ ಕಲಿತದ್ದು ಮೀಸೆ ಬಂದ ಮೇಲೆ, ಮಾದಪ್ಪನ ಬೆಟ್ಟದ ಕಡೆಯಿಂದ ಮೆಟ್ಟೂರಿಗೆ ಬರುವ ಬಸ್ಸುಗಳ ಬೋರ್ಡು ಓದಿ ಓದಿ. ನನ್ನ ಬರವಣಿಗೆಯಲ್ಲಿ ಎಲ್ಲಾದರೂ ಡೀಸೆಲ್ ವಾಸನೆ ಬಂದರೆ ಅದಕ್ಕೆ ಕಾರಣ ಗೊತ್ತಿರಲಿ.

ಹೊಲದಲ್ಲಿ ರಾಗಿ, ಕಡಲೆಕಾಯಿ. ಮನೆಯ ಹಿಂದಿನ ಪಟ್ಟಿಯಲ್ಲಿ, ಅಂದರೆ ದೊಡ್ಡಿಯಲ್ಲಿ, ಕುರಿ. ಮೇಚೇರಿ ಕುರಿಯನ್ನು ನೋಡದವರಿಗೆ ನಾನು ವರ್ಣಿಸಲಾರೆ. ಕಂದುಗೆಂಪು ಬಣ್ಣ, ಉಣ್ಣೆಯ ಗೊಡವೆಯಿಲ್ಲದ ನುಣುಪು ಮೈ, ನಡೆಯುವಾಗ ಊರಿನ ಗೌಡನ ಗತ್ತು. ವರ್ಣಿಸಲಾರೆ ಎಂದು ಹೇಳಿ ವರ್ಣಿಸಿಯೇಬಿಟ್ಟೆ, ಇರಲಿ. ಕುರಿ ಸಾಕುವ ಮನೆಗೆ ಒಂದು ಕಟ್ಟುಪಾಡಿದೆ: ಇಡೀ ಸಂಸಾರ ಒಟ್ಟಿಗೆ ಎಲ್ಲಿಗೂ ಹೋಗುವಂತಿಲ್ಲ. ಮದುವೆಯಿರಲಿ, ಹರಕೆಯಿರಲಿ, ಒಬ್ಬರು ಮಂದೆಯ ಜೊತೆ ಉಳಿಯಲೇಬೇಕು. ನಮ್ಮ ಮನೆಯಲ್ಲಿ ಆ ಒಬ್ಬರು ಯಾವಾಗಲೂ ನನ್ನ ಚಿಕ್ಕಪ್ಪ ಮಾದೇಶ. ಚಿಕ್ಕಮ್ಮ ಕೂಡ ನಮ್ಮ ಜೊತೆ ಬಸ್ಸು ಹತ್ತುತ್ತಿದ್ದಳು. ಚಿಕ್ಕಪ್ಪ ಮಾತ್ರ ಬೇಲಿಯ ಬಳಿ ನಿಂತು ಕೈ ಬೀಸುತ್ತಿದ್ದ.

ಹಾಗೆ ಉಳಿದವನಿಗೆ ಒಂದು ಪಾಲು ಉಂಟು. ದಾರಿಯಲ್ಲಿ ನಾವು ಏನೇನು ತಿಂದೆವೋ ಅದೆಲ್ಲದರಲ್ಲೂ ಒಂದು ಪಾಲನ್ನು ಕಟ್ಟಿಸಿಕೊಂಡು ಬರಬೇಕು. ಮನೆಗೆ ಬಂದು ಕಾಲು ತೊಳೆಯುವ ಮೊದಲು ಅವನ ಕೈಗೆ ಕೊಡಬೇಕು. ಅವನು ತಿನ್ನುತ್ತಿರುವಾಗ ಹೊರಟಲ್ಲಿಂದ ಬಂದಲ್ಲಿಯವರೆಗೆ ಎಲ್ಲವನ್ನೂ ಹೇಳಬೇಕು, ಬಸ್ಸಿನಲ್ಲಿ ಯಾರು ವಾಂತಿ ಮಾಡಿಕೊಂಡರು ಎಂಬುದನ್ನೂ ಸೇರಿಸಿ. ತಿಂಡಿ ಮುಗಿಯುವ ಮೊದಲು ಕಥೆ ಮುಗಿಯಬಾರದು. ದೊಡ್ಡ ದೊಡ್ಡ ಛತ್ರಗಳಲ್ಲಿ ಪಂಕ್ತಿಯೂಟ ಮಾಡಿದ್ದೇನೆ, ಕೊನೆಯ ಪಂಕ್ತಿಯವರಿಗೆ ಪಾಯಸ ಉಳಿಯದೆ ಹೋದದ್ದನ್ನು ಕಣ್ಣಾರೆ ಕಂಡಿದ್ದೇನೆ. ಪಂಕ್ತಿಗೆ ಬಾರದವನ ಎಲೆಗೆ ಮೊದಲು ಬಡಿಸುವ ಮನೆ ನಮ್ಮದು. ಜಂಬಕ್ಕೆ ಇಷ್ಟು ಸಾಲದೇ?

ಆದರೆ ಈ ಪದ್ಧತಿಯಲ್ಲಿ ಒಂದು ಎಡವಟ್ಟಿತ್ತು. ಅದನ್ನು ನಾವು ಬಹಳ ವರ್ಷ ಮನಸ್ಸಿಗೆ ಹಚ್ಚಿಕೊಳ್ಳಲೇ ಇಲ್ಲ.

ಹೊಗೆನಕಲ್ಲಿಗೆ ಹೋದರೆ ಹೊಳೆಯ ಮೀನು ಕೊಂಡು ಹುರಿಯಲು ಕೊಡುತ್ತಿದ್ದೆವು. ಬಂಡೆಯ ಮರೆಯಲ್ಲಿ ಒಲೆ ಹೂಡಿಕೊಂಡ ಹೆಂಗಸರು ಮಸಾಲೆ ಹಚ್ಚಿ ಅಲ್ಲೇ ಹುರಿದು ಕೊಡುತ್ತಿದ್ದರು. ತುಟಿ ಸುಡುವ ಮೀನನ್ನು ಊದಿ ಊದಿ ತಿಂದು, ಚಿಕ್ಕಪ್ಪನ ಪಾಲನ್ನು ಎಲೆಯಲ್ಲಿ ಸುತ್ತಿಕೊಂಡು ಮೂರು ಬಸ್ಸು ಬದಲಾಯಿಸಿ ಮನೆಗೆ ತರುತ್ತಿದ್ದೆವು. ತಣ್ಣಗಾಗಿದೆ ಎಂದು ಅಮ್ಮ ಪೇಚಾಡಿದರೆ ಚಿಕ್ಕಪ್ಪ ಸಮಾಧಾನ ಹೇಳುತ್ತಿದ್ದ: “ಒಳೆ ಮೀನಲ್ವಾ ಅತ್ಗೆ, ತಣ್ಣುಗೇ ಇರ್ತೈತೆ.” ಅಮ್ಮನ ತವರು ಕಂಬೈನಲ್ಲೂರು. ಅಲ್ಲಿಂದ ಹಿಂದಿರುಗುವಾಗ ಅದಿಯಮಾನ್‌ಕೋಟೆಯ ಟೀ ಅಂಗಡಿಯಲ್ಲಿ ಬೋಂಡ ಕಟ್ಟಿಸುತ್ತಿದ್ದೆವು. ನನ್ನ ಅಪ್ಪ ಅದರ ಮೇಲೇ ಕೂತು ಬಂದುಬಿಡುತ್ತಿದ್ದರು. ಹಾಗಾಗಿ ಬೋಂಡ ಎಂದರೆ ಚಪ್ಪಟೆಯಾಗಿರುವ ಪದಾರ್ಥ ಎಂದೇ ಚಿಕ್ಕಪ್ಪನ ತಿಳಿವಳಿಕೆ. ಒಂದು ಸಲ ನಾನು ಹಟ ಮಾಡಿ ಅವನಿಗಾಗಿ ಸೇಲಂನಿಂದ ಕಡ್ಡಿ ಐಸು ತಂದೆ. ಮನೆ ಮುಟ್ಟುವಷ್ಟರಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ ಕಿತ್ತಳೆ ಬಣ್ಣದ ನೀರು, ಅದರಲ್ಲಿ ತೇಲುವ ಒಂದು ಕಡ್ಡಿ. ಚಿಕ್ಕಪ್ಪ ನೀರನ್ನು ಲೋಟಕ್ಕೆ ಸುರಿದು, ಕಡ್ಡಿಯಿಂದ ಚೆನ್ನಾಗಿ ಕಲಕಿ, ಒಂದು ಹನಿಯೂ ಬಿಡದಂತೆ ಕುಡಿದ. “ಸೇಲಂನೋರು ಬುದ್ವಂತ್ರು ಕಣ್ಲಾ, ಕಲ್ಸಕ್ಕೆ ಕಡ್ಡೀನೂ ಕೊಡ್ತಾರೆ” ಎಂದ.

ಎಲ್ಲಕ್ಕಿಂತ ದೊಡ್ಡ ಎಡವಟ್ಟು ಸೇಲಂನ ತಟ್ಟುವಡೆ ಸೆಟ್ಟಿನದು. ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ತಟ್ಟುವಡೆ ಎಂದರೆ ಅಕ್ಕಿ ಹಿಟ್ಟಿನದು, ನಿಪ್ಪಟ್ಟಿನ ತಮ್ಮ ಎನ್ನಬಹುದು, ಅಂಗೈಗಿಂತ ಚಿಕ್ಕದು. ಅಂಥ ಎರಡರ ನಡುವೆ ತುರಿದ ಬೀಟ್‌ರೂಟು, ಕ್ಯಾರೆಟ್ಟು, ಈರುಳ್ಳಿ, ಒಂದು ಕೆಂಪು ಚಟ್ನಿ, ಒಂದು ಹಸಿರು ಚಟ್ನಿ. ತಳ್ಳುಗಾಡಿಯ ಪಕ್ಕದಲ್ಲೇ ನಿಂತು, ಕೊಟ್ಟ ಕೂಡಲೇ ಬಾಯಿಗೆ ಹಾಕಿಕೊಳ್ಳಬೇಕು. ಅದರ ಆಯುಸ್ಸು ಬಹಳ ಕಡಿಮೆ. ಮೊದಲು ಕಟುಕ್ ಎನ್ನುವ ಸದ್ದು, ಆಮೇಲೆ ಖಾರ, ಆಮೇಲೆ ಬೀಟ್‌ರೂಟಿನ ಸಿಹಿ. ಬೆಂಗಳೂರಿನವರು, ಮೈಸೂರಿನವರು ತಮ್ಮ ತಮ್ಮ ದೋಸೆಗಳ ಬಗ್ಗೆ ಏನೇ ಹೇಳಿಕೊಳ್ಳಲಿ, ಸಂಜೆ ಹೊತ್ತಿನಲ್ಲಿ ಸೇಲಂನ ಬೀದಿಯ ಆ ಸದ್ದಿಗೆ ಸಾಟಿಯಿಲ್ಲ. ಆ ಸದ್ದೇ ಅರ್ಧ ರುಚಿ. ಆ ಅರ್ಧ ನಮ್ಮ ಚಿಕ್ಕಪ್ಪನಿಗೆ ಎಂದೂ ಸಿಕ್ಕಿರಲಿಲ್ಲ. ಅವನ ಕೈ ಸೇರುವಷ್ಟರಲ್ಲಿ ಸೆಟ್ಟು ಚಟ್ನಿಯಲ್ಲಿ ನೆನೆದು, ನಿನ್ನೆಯ ರೊಟ್ಟಿಯನ್ನು ಸಾರಿನಲ್ಲಿ ಅದ್ದಿದ ಹಾಗಿರುತ್ತಿತ್ತು. ಅದನ್ನೇ ಅವನು ಕಣ್ಣು ಮುಚ್ಚಿಕೊಂಡು ಸವಿಯುತ್ತಿದ್ದ.

ಹೈಸ್ಕೂಲಿನಲ್ಲಿದ್ದಾಗ ಒಮ್ಮೆ ನಾನು ದೊಡ್ಡ ಪಂಡಿತನಂತೆ, “ಚಿಕ್ಕಪ್ಪ, ಸೆಟ್ಟು ಹಿಂಗಿರೋದಿಲ್ಲ, ಕರಕರ ಅಂತಿರ್ತದೆ” ಎಂದೆ. ಅವನು ನನ್ನನ್ನು ಕರುಣೆಯಿಂದ ನೋಡಿದ. “ನಿಮ್ಗೆಲ್ಲ ಆತ್ರ ಕಣ್ಲಾ. ನೆನೆಯಕ್ಕೂ ಬಿಡ್ದೆ ತಿಂದ್ಬುಟ್ಟು ಬತ್ತೀರ. ತಟ್ಟುವಡೆ ಅಂದ್ರೆ ಮೆತ್ಗಿರ್ಬೇಕು.” ಸೇಲಂಗೆ ಅವನು ಹೋಗಿಯೇ ಇರಲಿಲ್ಲ ಎಂದಲ್ಲ. ಎರಡು ಸಲ ಹೋಗಿದ್ದ, ಎರಡು ಸಲವೂ ಆಸ್ಪತ್ರೆಗೆ, ಎರಡು ಸಲವೂ ಬನ್ನು ತಿಂದು ಬಂದಿದ್ದ.

ವರ್ಷಗಳು ಕಳೆದವು. ನಾನು ಮೆಟ್ಟೂರಿನ ಒಂದು ಶಾಲೆಯಲ್ಲಿ ಗಣಿತದ ಮೇಷ್ಟ್ರಾದೆ, ಅಪ್ಪ ತೀರಿಕೊಂಡರು, ಚಿಕ್ಕಪ್ಪನಿಗೆ ಅರವತ್ತೈದು ದಾಟಿತು. ಮಂದೆ ಮಾತ್ರ ಹಾಗೆಯೇ ಇತ್ತು, ಚಿಕ್ಕಪ್ಪ ಬೇಲಿಯ ಬಳಿ ಹಾಗೆಯೇ ನಿಲ್ಲುತ್ತಿದ್ದ. ಈ ವರ್ಷ ಒಂದು ದಿನ ಕಬ್ಬು ಸಿಗಿಯುತ್ತಿದ್ದವನು ನಡುವೆ ನಿಲ್ಲಿಸಿ ಮುಂದಿನ ಹಲ್ಲನ್ನು ಬೆರಳಿನಿಂದ ಮುಟ್ಟಿ ನೋಡಿಕೊಂಡ. “ಅಲ್ಲಾಡ್ತೈತೆ” ಎಂದ, ಬೇಲಿಯ ಗೂಟವೊಂದು ಅಲ್ಲಾಡುತ್ತಿದೆ ಎನ್ನುವಷ್ಟು ಸಲೀಸಾಗಿ. ನನಗೆ ಮಾತ್ರ ಸೆಟ್ಟಿನ ನೆನಪಾಯಿತು. ಈ ಹಲ್ಲುಗಳು ಹೋಗಿಬಿಟ್ಟರೆ, ನಮಗಾಗಿ ನಲವತ್ತು ವರ್ಷ ಉಳಿದ ಈ ಮನುಷ್ಯ ಒಂದೇ ಒಂದು ಗರಿಗರಿ ಸೆಟ್ಟನ್ನು ತಿನ್ನದೆಯೇ ಉಳಿದುಬಿಡುತ್ತಾನೆ. ನಾವು ಹಲ್ಲು ಕಿರಿದು ತಿಂದದ್ದೆಲ್ಲ ನೆನಪಾಗಿ ಮೈಯೆಲ್ಲ ನಾಚಿಕೆಯಾಯಿತು.

“ಚಿಕ್ಕಪ್ಪ, ಒಂದು ಭಾನುವಾರ ಚಿಕ್ಕಮ್ಮನ ಜೊತೆ ನೀನು ಸೇಲಂಗೆ ಹೋಗು.”

“ಕುರೀನ ಯಾರ್ ನೋಡ್ತಾರೆ?”

“ನಾನು ನೋಡ್ತೀನಿ.”

“ನೀನಾ?” ಎಂದ. ಆ ಎರಡಕ್ಷರದಲ್ಲಿ ನನ್ನ ಎಂ.ಎಸ್‌ಸಿ., ಬಿ.ಎಡ್. ಎರಡೂ ನೀರಿಗೆ ಬಿದ್ದವು.

ಎರಡು ವಾರ ಅವನು ನನಗೆ ಪಾಠ ಹೇಳಿದ. ಯಾವ ಕಡೆ ಮೇಯಿಸಬೇಕು, ಯಾವ ಹಸಿರಿನ ಕಡೆ ತಲೆ ಹಾಕಲು ಬಿಡಬಾರದು, ನಾಲಿಗೆಯನ್ನು ಎಲ್ಲಿ ಒತ್ತಿ ಕೂಗಿದರೆ ಮಂದೆ ತಿರುಗುತ್ತದೆ, ಎಲ್ಲವನ್ನೂ. ನಾನು ಕೂಗಿದರೆ ಕುರಿಗಳು ತಲೆಯೆತ್ತಿ ಒಂದನ್ನೊಂದು ನೋಡಿಕೊಂಡು ಮತ್ತೆ ಮೇಯುತ್ತಿದ್ದವು, ನನ್ನ ಕ್ಲಾಸಿನ ಕೊನೆಯ ಬೆಂಚಿನವರ ಹಾಗೆಯೇ. ಸಂಜೆ ಪಟ್ಟಿಗೆ ಕೂಡುವಾಗ ಅಭ್ಯಾಸಬಲದಿಂದ ಒಂದು, ಎರಡು ಎಂದು ಬೆರಳು ಚಾಚಿದೆ. ಚಿಕ್ಕಪ್ಪ ನನ್ನ ಬೆರಳನ್ನೇ ಹಿಡಿದುಕೊಂಡ. “ಎಣಿಸ್ಬ್ಯಾಡ ಕಣ್ಲಾ! ಎಣ್ಸಿದ್ರೆ ಕಮ್ಮಿಯಾಯ್ತವೆ. ಮೊಕ ನೋಡು. ಯಾವ್ ಮೊಕ ಇಲ್ಲ ಅಂತ ಮನ್ಸೇ ಏಳ್ತೈತೆ.” ನಮ್ಮ ಕಡೆ ಮಂದೆಯನ್ನು ಎಣಿಸುವಂತಿಲ್ಲ. ನಲವತ್ತಕ್ಕೂ ಹೆಚ್ಚು ವರ್ಷ ಓದಿ, ಓದಿಸಿ ನಾನು ಸಂಪಾದಿಸಿದ್ದ ಒಂದೇ ವಿದ್ಯೆ ಅಲ್ಲಿ ನಿಷಿದ್ಧ.

ಆ ಭಾನುವಾರ ಬಂದಿತು. ಚಿಕ್ಕಪ್ಪ ಬಿಳಿ ಪಂಚೆ ಉಟ್ಟು, ಚಿಕ್ಕಮ್ಮ ಹೊಸ ಸೀರೆ ಉಟ್ಟು ಬಸ್ಸು ಹತ್ತಿದರು. ಬೇಲಿಯ ಬಳಿ ನಿಂತು ಕೈ ಬೀಸಿದವನು ನಾನು. ಹಾಗೆ ನಿಂತಾಗಲೇ ಗೊತ್ತಾದದ್ದು, ಬಸ್ಸು ತಿರುವಿನಲ್ಲಿ ಮರೆಯಾದ ಮೇಲೂ ಸ್ವಲ್ಪ ಹೊತ್ತು ಕೈ ಕೆಳಗಿಳಿಯುವುದಿಲ್ಲ ಎಂದು.

ಮಧ್ಯಾಹ್ನ ಬೇವಿನ ಮರದ ಕೆಳಗೆ ಬುತ್ತಿ ಬಿಚ್ಚಿದೆ. ಚಿಕ್ಕಪ್ಪ ತಾನೇ ಕಟ್ಟಿಟ್ಟುಹೋಗಿದ್ದ ರಾಗಿಮುದ್ದೆ, ಹುರುಳಿ ಸಾರು, ಒಂದು ಈರುಳ್ಳಿ. ಸುತ್ತ ಕುರಿಗಳು ಮೆಲುಕು ಹಾಕುತ್ತಿದ್ದವು. ಇಷ್ಟೊತ್ತಿಗೆ ಸೇಲಂ ತಲುಪಿರುತ್ತಾನೆ, ಇಷ್ಟೊತ್ತಿಗೆ ತಳ್ಳುಗಾಡಿ ಹುಡುಕುತ್ತಿರುತ್ತಾನೆ ಎಂದು ನನ್ನ ಮನಸ್ಸೆಲ್ಲ ಅಲ್ಲೇ. ಇನ್ನೊಬ್ಬರು ತಿಂದರೋ ಇಲ್ಲವೋ ಎಂದು ಇಷ್ಟು ದೂರದಲ್ಲಿ ಕೂತು ಹಿಂದೆಂದೂ ಕಾದವನಲ್ಲ ನಾನು. ಚಿಕ್ಕಪ್ಪನಿಗೆ ಅದೇ ಕೆಲಸವಾಗಿತ್ತು. ಸಂಜೆ ಕುರಿಗಳು ತಾವಾಗಿಯೇ ಮನೆಯ ದಾರಿ ಹಿಡಿದವು, ನಾನು ಅವುಗಳ ಹಿಂದೆ ಹೋದೆ. ಯಾರಿಗೂ ಹೇಳಬೇಡಿ, ಪಟ್ಟಿಗೆ ಕೂಡಿದ ಮೇಲೆ ಕದ್ದು ಎರಡು ಸಲ ಎಣಿಸಿದೆ. ಎರಡು ಬೇರೆ ಬೇರೆ ಉತ್ತರ ಬಂದವು.

ಹೊತ್ತು ಮುಳುಗುವ ಮೊದಲೇ ಅವರು ಬಂದರು. ಚಿಕ್ಕಪ್ಪ ನನ್ನತ್ತ ನೋಡದೆ ನೇರವಾಗಿ ಬೇಲಿಯ ಬಳಿ ಹೋಗಿ ಒಂದು ಸುತ್ತು ಕಣ್ಣಾಡಿಸಿದ. “ಪರ್ವಾಯಿಲ್ಲ” ಎಂದ. ನನಗೆ ಯಾವ ಪ್ರಶಸ್ತಿಯೂ ಅಷ್ಟು ಸಿಹಿಯಾಗಿರಲಿಲ್ಲ. ಆಮೇಲೆ ಜಗಲಿಯ ಮೇಲೆ ಕೂತ. ಉಳಿದವನ ಹಕ್ಕಿನಿಂದ ನಾನು ಕೈ ಚಾಚಿ ಎದುರಿಗೆ ಕೂತೆ. ಅವನು ಕೈಯನ್ನು ನೋಡಿಯೂ ನೋಡದವನಂತೆ ಕಥೆ ಶುರುಮಾಡಿದ.

“ಒಬ್ಳು ಎಣ್ಮಗ್ಳು ತಳ್ಳುಗಾಡಿ ಮಡಿಕ್ಕಂಡವ್ಳೆ. ಸೆಟ್ಟು ಕೊಟ್ಳು. ಬಾಯಿಗಿಕ್ಕಂಡೆ ನೋಡು, ಕಟುಕ್ ಅಂತು. ಎದ್ರಿಕ್ಕಂಡ್ಬುಟ್ಟೆ ಕಣ್ಲಾ, ಅಲ್ಲಾಡೋ ಅಲ್ಲೇ ಮುರ್ದೋಯ್ತು ಅಂತ. ನಾಲ್ಗೇಲಿ ತಡಕ್ದೆ. ಅಲ್ಲು ಐತೆ! ಆಮ್ಯಾಲೆ ಅವ್ಳಿಗೆ ಏಳ್ದೆ, ಅಮ್ಮಾ, ಇದಿನ್ನೂ ನೆಂದಿಲ್ಲ ಅಂತ. ಅವ್ಳು ನಗಾಡ್ಬುಟ್ಟು, ನೆಂದ್ರೆ ಯಾರ್ ತಾತಾ ತಿಂತಾರೆ ಅಂದ್ಳು.”

“ನೀನೇನಂದೆ?”

“ನಾನ್ ತಿಂತೀನಮ್ಮಾ, ನಲ್ವತ್ ವರ್ಸದಿಂದ ನಾನ್ ತಿಂತಿವ್ನಿ, ಅಂದೆ.”

ಅವನು ಅದನ್ನು ದೊಡ್ಡ ಮಾತು ಎಂದು ಹೇಳಲಿಲ್ಲ. ನಾನು ಚಾಚಿದ ಕೈಯನ್ನು ಹಾಗೇ ಇಟ್ಟುಕೊಂಡು ಮುಂದೇನಾಯಿತು ಎಂದು ಕೇಳಿದೆ.

“ಆಮ್ಯಾಲೆ ಇನ್ನೊಂದ್ ತಿಂದೆ.”

“ಇನ್ನೊಂದಲ್ಲ, ಇನ್ ಮೂರು” ಎಂದಳು ಚಿಕ್ಕಮ್ಮ.

“ನೀ ಸುಮ್ನಿರು. ನಿನ್ಗೂ ಒಂದ್ ಪಾರ್ಸಲ್ ಕಟ್ಟುಸ್ದೆ ಕಣ್ಲಾ. ತೊಡೆ ಮ್ಯಾಲೇ ಮಡಿಕ್ಕಂಡಿದ್ದೆ.”

“ಎಲ್ಲಿದೆ?”

ಚಿಕ್ಕಪ್ಪ ಕುರಿಗಳ ಕಡೆ ನೋಡಿದ, ಬೇವಿನ ಮರದ ಕಡೆ ನೋಡಿದ, ಕೊನೆಗೆ ಬೇರೆ ದಾರಿಯಿಲ್ಲದೆ ನನ್ನ ಕಡೆ ನೋಡಿದ.

“ಓಮಲೂರ್ ದಾಟ್ತು ಬಸ್ಸು. ಅಮುಕಿ ನೋಡ್ದೆ, ಇನ್ನೂ ಗಟ್ಗಿತ್ತು. ಮೇಚೇರಿ ಬರಾಗಂಟ ಮೆತ್ಗಾಗ್ಬುಡ್ತೈತಲ್ಲ ಅನ್ನುಸ್ತು. ತಿಂದ್ಬುಟ್ಟೆ.”

“ಮಗೀನ್ ಪಾಲ್ನೂ ಬಿಡ್ಲಿಲ್ಲ, ಮಾನ ಕಳ್ದ” ಎಂದು ಚಿಕ್ಕಮ್ಮ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಐವತ್ತರ ಹತ್ತಿರ ಬಂದ ಮಗುವಾದ ನಾನು ನಗು ತಡೆದುಕೊಂಡು ಕೇಳಿದೆ: “ಬಸ್ಸಲ್ಲೂ ಕರಕರ ಅಂತಾ ಚಿಕ್ಕಪ್ಪ?”

ಅವನು ಬೆನ್ನು ನೆಟ್ಟಗೆ ಮಾಡಿ ಕೂತ.

“ಇಡೀ ಬಸ್ಸೇ ತಿರಿಕ್ಕಂಡ್ ನೋಡ್ತು ಕಣ್ಲಾ.”

ನೋಡಬೇಕಾದದ್ದೇ. ನಲವತ್ತು ವರ್ಷ ಎಲ್ಲರೂ ತಿಂದಾದ ಮೇಲೆ ತಿಂದವನು ಅವತ್ತು ಯಾರಿಗೂ ಕಾಯದೆ ತಿನ್ನುತ್ತಿದ್ದ. ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡೆ. ನಮ್ಮ ಮನೆಯಲ್ಲಿ ಪಾಲು ತಪ್ಪಿಸಿಕೊಂಡವರು ನನಗಿಂತ ಮೊದಲು ಯಾರೂ ಇರಲಿಲ್ಲ. ಪಾಲು ತಪ್ಪಿಯೂ ಇಷ್ಟು ಬೀಗಿದವರು ಮುಂದೆಯೂ ಇರಲಾರರು.