ಅತ್ತಿಗೆ ಇಲ್ಲದ ಡಿಸ್ಕು

ನಿಮ್ಮ ಕೆಲಸ ಏನು ಎಂದು ಯಾರಾದರೂ ಕೇಳಿದರೆ ಅವಳು ಮುಚ್ಚುಮರೆಯಿಲ್ಲದೆ ಹೇಳಿಬಿಡುತ್ತಿದ್ದಳು: ಜನರ ಮಲ, ಮೂತ್ರ, ಕಫ ನೋಡುವುದು. ಕೇಳಿದವರು ಮುಖ ಕಿವುಚಿದರೆ ಒಳಗೊಳಗೇ ಖುಷಿ. ಪರೀಕ್ಷಾಲಯದ ಉದ್ದನೆಯ ಕಲ್ಲುಮೇಜಿನ ಮುಂದೆ ಕೈಗವಸು ಹಾಕಿಕೊಂಡು, ಊರವರ ಡಬ್ಬಿಗಳ ಮುಚ್ಚಳ ತೆರೆಯುತ್ತಲೇ ಅವಳ ಅರ್ಧ ಆಯಸ್ಸು ಕಳೆದಿತ್ತು. ಅಲ್ಲಿ ಅವಳಿಗೆ ಎಂದೂ ಹೇಸಿಗೆಯಾದದ್ದಿಲ್ಲ. ಹೇಸಿಗೆಯೆಲ್ಲ ಶುರುವಾಗುತ್ತಿದ್ದದ್ದು ಕೈಗವಸು ಕಳಚಿ ಬೀದಿಗೆ ಬಂದ ಮೇಲೆ. ಬಸ್ಸಿನಲ್ಲಿ ಬಾಯಿ ಚಪ್ಪರಿಸುತ್ತ ತಿನ್ನುವವರು, ನೆಂಟರ ಮನೆಯ ಬಚ್ಚಲಿನ ಒದ್ದೆ ಟವೆಲು, ಎದುರಿಗೊಂದು ಹಿಂದೊಂದು ಆಡುವ ಬಾಯಿಗಳು, ಎಲ್ಲಕ್ಕೂ ಅವಳ ಮೂಗು ತಾನಾಗಿಯೇ ಮುರಿಯುತ್ತಿತ್ತು. ಮನೆಯಲ್ಲಿ ಚಿಕ್ಕಂದಿನಿಂದ ಅವಳಿಗೆ ಬಿದ್ದ ಹೆಸರೇ ಮೂಗುಮುರುಕಿ. ಐವತ್ತು ದಾಟಿದರೂ ಅಣ್ಣ, ಅಕ್ಕ ಹಾಗೆಯೇ ಕರೆಯುತ್ತಿದ್ದರು. ತಮ್ಮಿಬ್ಬರನ್ನು ಕಂಡಾಗಲೇ ಆ ಮೂಗು ಹೆಚ್ಚು ಮುರಿಯುತ್ತದೆ ಎಂಬುದು ಅವರಿಗೆ ಇನ್ನೂ ಹೊಳೆದಿರಲಿಲ್ಲ.

ಹಳೆ ವಿಡಿಯೋ ಟೇಪುಗಳನ್ನು ಕಂಪ್ಯೂಟರಿಗೆ ಇಳಿಸಿ ಡಿಸ್ಕು ರೈಟ್ ಮಾಡುವ ಕೆಲಸ ಅವಳ ಕುತ್ತಿಗೆಗೆ ಬಿದ್ದದ್ದು ತನ್ನದೇ ತಪ್ಪಿನಿಂದ. ಮನೆಗೆ ಕಂಪ್ಯೂಟರ್ ತಂದ ಹೊಸತರಲ್ಲಿ, ಅಕ್ಕನ ಮಗಳ ಶಾಲೆಯ ನಾಟಕವನ್ನು ಡಿಸ್ಕಿಗೆ ಹಾಕಿ ಕೊಟ್ಟಿದ್ದಳು. ಅಲ್ಲಿಂದ ಶುರುವಾಯಿತು. ಯಾರ ಮನೆಯ ಅಟ್ಟದಲ್ಲಿ ಯಾವ ಹಳೆ ಟೇಪು ಸಿಕ್ಕಿದರೂ ನೇರ ಇವಳ ಮನೆಗೆ ಬರುತ್ತಿತ್ತು. "ನಿನಗೇನು, ಒಂದು ಬಟನ್ ಒತ್ತಿದ್ರೆ ಆಯ್ತು" ಎನ್ನುತ್ತಿದ್ದರು. ಆ ಒಂದು ಬಟನ್ ಒತ್ತುವ ಮುಂಚೆ ಎಷ್ಟು ಹಾಳು ಡಿಸ್ಕು ಕಸದ ಬುಟ್ಟಿಗೆ ಹೋಗುತ್ತದೆಂದು ಅವಳಿಗೆ ಗೊತ್ತು. ರೈಟ್ ಆಗುತ್ತಿರುವಾಗ ಮನೆಯಲ್ಲಿ ಯಾರೂ ಮಿಕ್ಸಿ ಹಾಕುವಂತಿಲ್ಲ, ಇಸ್ತ್ರಿಪೆಟ್ಟಿಗೆ ಮುಟ್ಟುವಂತಿಲ್ಲ. ಕರೆಂಟು ಒಂದು ಚೂರು ಬಳುಕಿದರೂ ಡಿಸ್ಕು ಕೆಟ್ಟಿತೆಂದೇ ಲೆಕ್ಕ. ನೀರು ಸರಬರಾಜು ಕಚೇರಿಯಲ್ಲಿ ಗುಮಾಸ್ತನಾಗಿದ್ದ ಗಂಡ ಆ ಹೊತ್ತಿನಲ್ಲಿ ಮನೆಯೊಳಗೆ ತುದಿಗಾಲಲ್ಲಿ ಓಡಾಡುತ್ತಿದ್ದ. "ಉಸಿರಾಡಬಹುದೇನೇ?" ಎಂದು ಬಾಗಿಲಲ್ಲಿ ನಿಂತು ಪಿಸುಗುಟ್ಟಿ ಬೈಸಿಕೊಳ್ಳುತ್ತಿದ್ದ.

ಇಂಥದ್ದರಲ್ಲಿ ಅಣ್ಣ ಒಂದು ಟೇಪು ತಂದುಕೊಟ್ಟ. ಅಪ್ಪನ ಎಪ್ಪತ್ತೈದನೆಯ ಹುಟ್ಟುಹಬ್ಬದ್ದು. ಅಪ್ಪನಿಗೆ ಅದಕ್ಕೆ ಐದು ವರ್ಷ ಮೊದಲೇ ಪಾರ್ಶ್ವವಾಯು ಬಡಿದು ಎಡಗಡೆ ಪೂರ್ತಿ ಬಿದ್ದುಹೋಗಿತ್ತು. ಆ ಹುಟ್ಟುಹಬ್ಬವಾಗಿ ವರ್ಷ ತುಂಬುವುದರೊಳಗೆ ತೀರಿಕೊಂಡರು. ಫೋಟೋಗಳು ಬೇಕಾದಷ್ಟಿದ್ದವು, ಆದರೆ ಅಪ್ಪ ಅಲುಗಾಡುವುದು, ಬಾಯಿ ಬಿಡುವುದು ಇರುವುದು ಆ ಒಂದೇ ಟೇಪಿನಲ್ಲಿ. ಅಪ್ಪ ಹೋಗಿ ಹತ್ತು ವರ್ಷವಾಯಿತು, ಬಂಧುಬಳಗವನ್ನೆಲ್ಲ ಮನೆಗೆ ಕರೆದು ದೊಡ್ಡ ಟಿ.ವಿ.ಯಲ್ಲಿ ತೋರಿಸಿ ಎಲ್ಲರ ಕೈಗೂ ಒಂದೊಂದು ಡಿಸ್ಕು ಕೊಡಬೇಕು ಎಂಬುದು ಅಣ್ಣನ ಆಸೆ. ಈ ಒಂದು ಕೆಲಸವನ್ನು ಮಾತ್ರ ಮೂಗುಮುರುಕಿ ಮೂಗು ಮುರಿಯದೆ ಒಪ್ಪಿಕೊಂಡಳು.

ಟೇಪು ಕಂಪ್ಯೂಟರಿಗೇನೋ ಇಳಿಯಿತು. ಆದರೆ ಶಬ್ದ ಕೈಕೊಟ್ಟಿತು. ಮೊದಲು ಎಲ್ಲ ಸರಿಯಾಗಿಯೇ ಇದ್ದು, ಅರ್ಧಕ್ಕೆ ಬರುವ ಹೊತ್ತಿಗೆ ತುಟಿ ಮುಚ್ಚಿದ ಮೇಲೆ ಮಾತು ಬರುತ್ತಿತ್ತು. ಅಪ್ಪ ಕೆಮ್ಮಿ ಸುಧಾರಿಸಿಕೊಂಡ ಮೇಲೆ ಕೆಮ್ಮು ಕೇಳುತ್ತಿತ್ತು. ಒಂದು ವಾರ ತಲೆ ಕೆಡಿಸಿಕೊಂಡು ಅವಳು ಕಾರಣ ಹಿಡಿದಳು. ಸವೆದ ಟೇಪು ಅಲ್ಲಲ್ಲಿ ಚಿತ್ರದ ಚೂರುಗಳನ್ನು ನುಂಗಿಹಾಕುತ್ತಿತ್ತು, ಶಬ್ದ ಮಾತ್ರ ಏನನ್ನೂ ಬಿಡದೆ ಬರುತ್ತಿತ್ತು. ಹಾಗಾಗಿ ಶಬ್ದ ಹಿಂದೆ ಬೀಳುತ್ತಿತ್ತು. ಇಡೀ ವಿಡಿಯೋವನ್ನು ತುಂಡು ತುಂಡು ಮಾಡಿ, ಒಂದೊಂದು ತುಂಡಿಗೂ ಶಬ್ದವನ್ನು ಕೈಯಾರೆ ಕೂರಿಸುವುದೊಂದೇ ದಾರಿ. ಕೂರಿಸುವುದಕ್ಕೆ ಗುರುತು ಅಪ್ಪನ ತುಟಿ. ಪ, ಬ, ಮ ಅನ್ನುವಾಗ ತುಟಿ ಮುಚ್ಚಲೇಬೇಕಲ್ಲ, ಅಲ್ಲಿಗೆ ಶಬ್ದ ತಂದಿಟ್ಟರೆ ಸರಿಹೋಗುತ್ತದೆ. ಅಪ್ಪನ ತುಟಿ ಒಂದೇ ಪಕ್ಕ ಅಲುಗುತ್ತಿತ್ತು. ಭಾನುವಾರಗಳನ್ನೆಲ್ಲ ಹಾಕಿ, ಒಂದೊಂದು ತುಣುಕನ್ನೂ ಹಿಂದೆ ಮುಂದೆ ಓಡಿಸಿ ಓಡಿಸಿ, ಅವಳು ಅದನ್ನು ಕೂರಿಸಿದಳು.

ಹಾಗೆ ಕೂರಿಸುವಾಗಲೂ ಮಾತು ಏನೆಂದು ಅವಳಿಗೆ ತಿಳಿಯುತ್ತಿರಲಿಲ್ಲ. ಆ ಕಾಯಿಲೆಯ ನಂತರ ಅಪ್ಪನ ಮಾತು ತಿಳಿಯುತ್ತಿದ್ದದ್ದು ಒಬ್ಬಳಿಗೇ, ಅಣ್ಣನ ಹೆಂಡತಿಗೆ. ಟೇಪಿನುದ್ದಕ್ಕೂ ಅತ್ತಿಗೆ ಅಪ್ಪನ ಪಕ್ಕದಲ್ಲೇ ಇದ್ದಾಳೆ. ಮೊಣಕೈ ಹಿಡಿದಿದ್ದಾಳೆ, ಬಾಯಿ ಒರೆಸುತ್ತಿದ್ದಾಳೆ, ಜಾರಿದ ಕಾಲನ್ನು ಎತ್ತಿ ಸ್ಟೂಲಿನ ಮೇಲಿಡುತ್ತಿದ್ದಾಳೆ. ಅಪ್ಪ ಗೊರಗೊರ ಎಂದರೆ ಅತ್ತಿಗೆ ಎಲ್ಲರ ಕಡೆ ತಿರುಗಿ, "ಮಾವ ಹೇಳ್ತಿದ್ದಾರೆ, ಎಲ್ಲಾರೂ ಬಂದಿದ್ದು ಸಂತೋಷ ಆಯ್ತಂತೆ" ಎಂದು ಬಿಡಿಸಿ ಹೇಳುತ್ತಾಳೆ. ಆರು ವರ್ಷ ಆ ಹಾಸಿಗೆಯ ಚಾಕರಿ ಮಾಡಿದವಳು ಅವಳು. ಅಪ್ಪ ಹೋದ ಮಾರನೆಯ ವರ್ಷ ಅಣ್ಣನಿಗೆ ಇದ್ದಕ್ಕಿದ್ದಂತೆ ತಮ್ಮಿಬ್ಬರಿಗೂ ಹೊಂದಾಣಿಕೆಯಿಲ್ಲ ಎಂದು ಗೊತ್ತಾಯಿತು. ಅಪ್ಪನ ಮಂಚ ಖಾಲಿಯಾಗುವವರೆಗೆ ಆ ಹೊಂದಾಣಿಕೆಗೆ ಯಾವ ಕೊರತೆಯೂ ಇರಲಿಲ್ಲ. ಅತ್ತಿಗೆ ಒಂದು ಪೆಟ್ಟಿಗೆ ಹಿಡಿದುಕೊಂಡು ಹೋದಳು. ಹೊಸ ಅತ್ತಿಗೆ ಬಂದಳು.

ಡಿಸ್ಕು ತಲುಪಿದ ದಿನವೇ ಅಣ್ಣ ಫೋನು ಮಾಡಿದ.

"ಚೆನ್ನಾಗ್ ಬಂದಿದೆ ಕಣೇ. ಆದ್ರೆ ಅವಳು ಇದ್ದಾಳಲ್ಲ."

"ಅವಳು ಅಂದ್ರೆ?" ಗೊತ್ತಿದ್ದೂ ಕೇಳಿದಳು.

"ಅದೇ, ಮೊದ್ಲಿನವಳು. ಇವಳು ಮುಂದೇನೇ ಕೂತು ನೋಡ್ತಾಳೆ, ಇವಳ ಅಪ್ಪ ಅಮ್ಮನೂ ಬರ್ತಾರೆ. ಮುಜುಗರ ಆಗುತ್ತೆ. ತೆಗೆದುಬಿಡು. ಕಂಪ್ಯೂಟರಲ್ಲಿ ಏನ್ ಬೇಕಾದ್ರೂ ಮಾಡಬಹುದಂತಲ್ಲ."

"ಅತ್ತಿಗೆ ತೆಗೆದ್ರೆ ಏನೂ ಉಳಿಯಲ್ಲ ಅಣ್ಣ."

"ನಿನ್ ಕೈಲಾಗಲ್ಲ ಅಂದ್ರೆ ಹೇಳು, ಅಂಗಡಿಗೆ ಕೊಡ್ತೀನಿ. ಅವ್ರು ಕತ್ತರಿಸಿ ಕೊಡ್ತಾರೆ."

ಅಂಗಡಿಯವನ ಕೈಗೆ ಅಪ್ಪ ಸಿಕ್ಕಿದರೆ ಕುರಿ ಕಡಿದ ಹಾಗೆ ಕಡಿದು ಕೊಡುತ್ತಾನೆ. ಅದಕ್ಕಿಂತ ತಾನೇ ಮಾಡುವುದು ವಾಸಿ ಎಂದು ಅವಳು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಫೋನಿಟ್ಟು ಸಾಬೂನು ಹಾಕಿ ಎರಡೆರಡು ಸಲ ಕೈ ತೊಳೆದಳು.

ಅತ್ತಿಗೆ ಇರುವ ಕಡೆಯೆಲ್ಲ ಕತ್ತರಿಸಿ ನೋಡಿದಳು. ಉಳಿದದ್ದು ಕೇಕು, ಚಪ್ಪಲಿಗಳ ರಾಶಿ, ಕ್ಯಾಮೆರಾಗೆ ನಾಲಿಗೆ ಚಾಚುವ ಮಕ್ಕಳು, ಅಣ್ಣನ ಭಾಷಣ. ಹುಟ್ಟುಹಬ್ಬದವರೇ ನಾಪತ್ತೆ. ಕತ್ತರಿಸುವುದು ಬಿಟ್ಟು ಅಪ್ಪನ ಮುಖವನ್ನಷ್ಟೇ ಹಿಗ್ಗಿಸಿ ನೋಡಿದಳು. ಅತ್ತಿಗೆ ಚೌಕಟ್ಟಿನ ಆಚೆ ಹೋದಳು ನಿಜ, ಆದರೆ ಚಿತ್ರ ಒಡೆದು ಕಾಳುಕಾಳಾಯಿತು, ಅಪ್ಪನ ಕಣ್ಣು ಮಾತ್ರ ಅತ್ತಿಗೆ ಇದ್ದ ದಿಕ್ಕಿಗೇ ತಿರುಗಿಕೊಂಡಿತ್ತು. ಮೊಣಕೈ ಹಿಡಿದ ಕೈಯೊಂದು ಉಳಿದೇ ಉಳಿಯಿತು. ಅಕ್ಕ ಅದನ್ನು ನೋಡಲು ಬಂದವಳು ಕನ್ನಡಕ ಏರಿಸಿಕೊಂಡು, "ಆ ಕೈ ಅವಳದ್ದು ಅಂತ ಯಾರ್ ಹೇಳ್ತಾರೆ, ಇರ್ಲಿ ಬಿಡು" ಎಂದು ತೀರ್ಪು ಕೊಟ್ಟಳು.

"ಧ್ವನಿ ಏನ್ ಮಾಡ್ಲಿ?" ಎಂದು ಮೂಗುಮುರುಕಿ ಹಲ್ಲು ಕಡಿದು ಕೇಳಿದಳು.

"ಅವಳು ಹೇಳಿದ್ದನ್ನೇ ನೀನು ಮೈಕ್ ಹಿಡ್ಕೊಂಡು ಹೇಳಿ ಸೇರ್ಸು. ನಿಂದೂ ಅದೇ ಥರ ಗಂಟಲಲ್ವಾ? ಅದ್ರಲ್ಲೂ ಅಣ್ಣಂದು ಬರೋ ಜಾಗ ಮಾತ್ರ ಬಿಡಬೇಡ್ವೇ. ಅವನಿಗೆ ಅದಂದ್ರೆ ಪ್ರಾಣ."

ಅಣ್ಣನದು ಬರುವ ಜಾಗ ಎಲ್ಲರಿಗೂ ಬಾಯಿಪಾಠ. ಅಣ್ಣ ಅಪ್ಪನ ಹೆಗಲ ಮೇಲೆ ಕೈ ಹಾಕಿ, ಕ್ಯಾಮೆರಾ ನೋಡಿ, "ಹೇಳಪ್ಪಾ, ನಿನ್ನನ್ನ ಯಾರು ನೋಡ್ಕೊಳ್ತಿದ್ದಾರೆ?" ಎನ್ನುತ್ತಾನೆ. ಅಪ್ಪ ಉದ್ದಕ್ಕೆ ಏನೋ ಗೊರಗುಡುತ್ತಾರೆ. ಅತ್ತಿಗೆ, "ಮಗ ತುಂಬಾ ಚೆನ್ನಾಗಿ ನೋಡ್ಕೊಳ್ತಾನೆ ಅಂತಿದ್ದಾರೆ" ಎನ್ನುತ್ತಾಳೆ. ಎಲ್ಲರೂ ಚಪ್ಪಾಳೆ ಹೊಡೆಯುತ್ತಾರೆ.

ಅಕ್ಕ ಹೋದ ಮೇಲೆ ಅವಳು ಅತ್ತಿಗೆಯ ಧ್ವನಿ ಬರುವ ಕಡೆಯೆಲ್ಲ ಶಬ್ದ ಅಡಗಿಸಿದಳು. ತನ್ನ ಮಾತು ಎಲ್ಲಿ ಶುರುವಾಗಬೇಕೆಂದು ತಿಳಿಯಲು ಇಯರ್‌ಫೋನ್ ಹಾಕಿಕೊಂಡು ಅಣ್ಣನ ತುಣುಕನ್ನು ಓಡಿಸಿದಳು. ಅಪ್ಪ ಮಾತಾಡಿದರು, ಆಮೇಲೆ ಮೌನ. ಮತ್ತೆ ಓಡಿಸಿದಳು. ಅತ್ತಿಗೆಯ ಧ್ವನಿ ಇರುವವರೆಗೂ ಎಲ್ಲರೂ ಅದಕ್ಕೇ ಕಾಯುತ್ತಿದ್ದರು, ಅಪ್ಪನ ಬಾಯಿಂದ ಬಂದದ್ದಕ್ಕೆ ಯಾರೂ ಕಿವಿಗೊಟ್ಟಿರಲಿಲ್ಲ. ಈಗ ಕಾಯುವುದಕ್ಕೆ ಏನೂ ಇರಲಿಲ್ಲ. ಭಾನುವಾರಗಟ್ಟಲೆ ಆ ಅರೆತುಟಿಯನ್ನೇ ನೋಡಿದ ಕಣ್ಣಿಗೆ ಎಲ್ಲಿ ಬ, ಎಲ್ಲಿ ಮ ಎಂಬುದು ಆಗಲೇ ಗೊತ್ತಿತ್ತು. ಮೂರನೆಯ ಸಲಕ್ಕೆ ಮಾತು ಬಿಡಿಬಿಡಿಯಾಗಿ ಕೇಳಿಸಿತು.

"ಇವನಾ? ಇವನು ನನ್ ಕೋಣೆಗೇ ಬರಲ್ಲ. ವಾಸನೆ ಅಂತಾನೆ."

ಅವಳು ಗಂಡನನ್ನು ಕೂಗಿ ಕರೆದು ಅವನ ಕಿವಿಗೂ ಹಾಕಿದಳು. ಅವನು ಎರಡು ಸಲ ಕೇಳಿದ. ಇಯರ್‌ಫೋನ್ ತೆಗೆದು ಮೇಜಿನ ಮೇಲಿಟ್ಟ.

"ಕೇಳಿಸ್ತಾ?"

"ಕೇಳಿಸ್ತು" ಎಂದ. ಅಡುಗೆಮನೆ ಕಡೆ ತಿರುಗಿ, "ಮಿಕ್ಸಿ ಹಾಕ್ಲಾ?" ಎಂದ. ಅವಳಿಗೆ ನಗು ಬರಲಿಲ್ಲ.

ಅಣ್ಣನ ಮೇಲೆ ಮೊದಲೇ ಇದ್ದ ಅಸಹ್ಯ ಈಗ ಇಮ್ಮಡಿಯಾಯಿತು. ಮಗ್ಗುಲಲ್ಲಿ ಕೂತ ಅಪ್ಪ ಹೇಳುತ್ತಿರುವುದೇನು, ಇವನು ಹಲ್ಲು ಬಿಡುತ್ತಿರುವುದೇನು. ಥೂ. ಅತ್ತಿಗೆಯನ್ನು ತೆಗೆಯಬೇಕು ತಾನೇ, ತೆಗೆಯುತ್ತೇನೆ. ಅಪ್ಪ ಆಡಿದ್ದನ್ನು ಆಡಿದ ಹಾಗೆಯೇ ಕೆಳಗೆ ಅಕ್ಷರದಲ್ಲಿ ಹಾಕಿಬಿಡುತ್ತೇನೆ, ಬಂಧುಬಳಗವೆಲ್ಲ ಕೂತು ಓದಲಿ ಎಂದು ನಿರ್ಧರಿಸಿದಳು. ಎಲ್ಲಿಲ್ಲದ ಹುರುಪು ಬಂತು. ಒಂದೊಂದು ತುಣುಕನ್ನೂ ಬಿಡಿಸುತ್ತ ಹೋದಳು. ಅಕ್ಕನ ಗಂಡನಿಗೆ ಅಪ್ಪ "ಪುಕ್ಕಟೆ ಊಟಕ್ಕೆ ಬಂದ" ಅಂದದ್ದನ್ನು ಅತ್ತಿಗೆ "ದಾರಿಯಲ್ಲಿ ತೊಂದ್ರೆ ಆಗ್ಲಿಲ್ವಾ ಅಂತಿದ್ದಾರೆ" ಎಂದು ತಿರುಗಿಸಿದ್ದಳು. ಮೂಗುಮುರುಕಿ ಒಬ್ಬಳೇ ಕೂತು ಜೋರಾಗಿ ನಕ್ಕಳು.

ಆಮೇಲೆ ಅವಳದೇ ತುಣುಕು ಬಂತು. ತಾನು ಹಣ್ಣಿನ ಚೀಲ ಹಿಡಿದು ಅಪ್ಪನ ಕೋಣೆಯ ಹೊಸ್ತಿಲಲ್ಲಿ ನಿಂತಿದ್ದಾಳೆ. ಚೀಲವನ್ನು ಕೈ ಚಾಚಿ ಅತ್ತಿಗೆಗೆ ಕೊಡುತ್ತಾಳೆ. ಒಳಗೆ ಕಾಲಿಡುವುದಿಲ್ಲ. ಅಪ್ಪ ಏನೋ ಅನ್ನುತ್ತಾರೆ, ಅತ್ತಿಗೆ ನಗುತ್ತ, "ಮಗಳು ಆಗಾಗ ಬರ್ತಾ ಇರ್ಲಿ ಅಂತಿದ್ದಾರೆ" ಎನ್ನುತ್ತಾಳೆ. ಅವಳು ಆ ಧ್ವನಿ ಅಡಗಿಸಿ ಓಡಿಸಿದಳು. ಒಂದೇ ಸಲಕ್ಕೆ ತಿಳಿಯಿತು.

"ಊರವರದ್ದೆಲ್ಲ ಬಾಚ್ತಾಳೆ. ಅಪ್ಪಂದು ಅಂದ್ರೆ ಬಾಗಿಲಲ್ಲೇ ನಿಲ್ತಾಳೆ."

ಅವಳು ಎದ್ದು ಹೋಗಿ ಬಚ್ಚಲಿನ ನಲ್ಲಿ ಬಿಟ್ಟುಕೊಂಡು ನಿಂತಳು. ಅಪ್ಪನ ಕೋಣೆಯ ವಾಸನೆ ಅವಳಿಗೆ ನೆನಪಿತ್ತು. ಪರೀಕ್ಷಾಲಯದಲ್ಲಿ ಅದಕ್ಕಿಂತ ಕೆಟ್ಟದ್ದು ದಿನವೂ ಅವಳ ಕೈಯಡಿ ಹಾದುಹೋಗುತ್ತಿತ್ತು. ಆ ಹೊಸ್ತಿಲನ್ನು ಯಾಕೆ ದಾಟಲಾಗಲಿಲ್ಲವೋ ಅವಳಿಗೆ ಆಗಲೂ ಗೊತ್ತಿರಲಿಲ್ಲ, ಈಗಲೂ ತಿಳಿಯಲಿಲ್ಲ. ತನ್ನ ಮೇಲೆಯೇ ಅವಳಿಗೆ ಹೇಸಿಗೆಯಾಯಿತು.

ಮುಂದಿನ ಭಾನುವಾರ ಅಣ್ಣ ಬಂದ. ಅವಳು ಅವನ ತುಣುಕನ್ನು, ಅತ್ತಿಗೆಯ ಧ್ವನಿ ಇಲ್ಲದ್ದನ್ನು, ಅವನ ಕಿವಿಗೆ ಹಾಕಿದಳು.

"ಏನೂ ಅರ್ಥ ಆಗಲ್ಲ" ಎಂದ.

"ಇನ್ನೊಂದ್ ಸಲ ಕೇಳು. ತುಟಿ ನೋಡ್ತಾ ಕೇಳು."

ಎರಡನೆಯ ಸಲಕ್ಕೆ ಅವನ ಮುಖ ಇಳಿಯಿತು. ಇಯರ್‌ಫೋನ್ ಕಿತ್ತು ಕೈಯಲ್ಲಿ ಹಿಡಿದುಕೊಂಡು ಬಾಗಿಲ ಕಡೆ ನೋಡಿದ.

"ಇದನ್ನ ಯಾರಾದ್ರೂ ಕೇಳಿದ್ದಾರಾ?"

"ನಾನು, ನಮ್ಮನೆಯವ್ರು, ಇಬ್ರೇ."

"ಅವಳ ಧ್ವನಿ ವಾಪಸ್ ಹಾಕಿಬಿಡು."

"ಅತ್ತಿಗೆದಾ?"

"ಹೂಂ. ಮುಖ ಬೇಡ, ಧ್ವನಿ ಇರ್ಲಿ. ಯಾರಾದ್ರೂ ಕೇಳಿದ್ರೆ ಆಗ ಇಟ್ಕೊಂಡಿದ್ದ ನರ್ಸು ಅಂತ ಹೇಳ್ತೀನಿ."

ಛೀ ಎನ್ನುವುದು ಅವಳ ನಾಲಿಗೆಯ ತುದಿಗೆ ಬಂದಿತ್ತು. ಅಕ್ಷರ ಹಾಕುವ ಶಪಥವೂ ನೆನಪಿತ್ತು. ಆದರೆ ಅಪ್ಪನ ಮಾತು ಬಯಲಾದರೆ ಅಣ್ಣನ ಹಿಂದೆಯೇ ಅವಳ ಸರದಿ. ತನ್ನದೊಂದನ್ನು ಬಿಟ್ಟು ಉಳಿದವರದನ್ನೆಲ್ಲ ಹಾಕಿದರೆ ಹೇಗೆ ಎಂದೂ ಒಂದು ಕ್ಷಣ ಯೋಚಿಸಿದಳು. ಆ ಯೋಚನೆ ಬಂದದ್ದಕ್ಕೇ ಮೈ ಮುದುಡಿತು. "ಆಯ್ತು, ಹಾಕ್ತೀನಿ" ಎಂದಳು.

ಅಣ್ಣ ಹೋದ ಮೇಲೆ ಗಂಡ ಹೇಳಿದ: "ಪೂರ್ತಿದು ಒಂದು ರೈಟ್ ಮಾಡಿ ನಿಮ್ಮ ಹಳೆ ಅತ್ತಿಗೆಗೆ ಕೊಟ್ಟು ಬಾರೇ."

"ಯಾವ ಮುಖ ಇಟ್ಕೊಂಡು ಹೋಗ್ಲಿ ರೀ?"

ಅವಳು ರೈಟ್ ಮಾಡಲು ಕೂತಳು. ಅಂದು ಒಂದು ಡಿಸ್ಕೂ ಕೆಡಲಿಲ್ಲ. ಶಬ್ದ, ತುಟಿ ಎರಡೂ ಕೂದಲೆಳೆಯಷ್ಟೂ ಆಚೀಚೆ ಇರಲಿಲ್ಲ.

ಬಂಧುಬಳಗ ಸೇರಿದ ದಿನ ಅಣ್ಣನ ಹಾಲಿನಲ್ಲಿ ಪರದೆ ಎಳೆದು ಕತ್ತಲು ಮಾಡಿದ್ದರು. ಹೊಸ ಅತ್ತಿಗೆ ಮುಂದಿನ ಸೋಫಾದಲ್ಲಿ, ಅವಳ ಪಕ್ಕ ಅವಳ ಅಪ್ಪ ಅಮ್ಮ. ಟಿ.ವಿ. ತುಂಬ ಅಪ್ಪನ ಮುಖ, ಕಾಳುಕಾಳಾಗಿ, ಒಂದೇ ಪಕ್ಕಕ್ಕೆ ನೋಡುತ್ತ. "ಯಾರದು ಆ ಹೆಣ್ಣುಮಗಳ ಧ್ವನಿ?" ಎಂದು ಹೊಸ ಅತ್ತಿಗೆಯ ಅಮ್ಮ ಕೇಳಿದರು. "ಆಗ ಇಟ್ಕೊಂಡಿದ್ದ ನರ್ಸು" ಎಂದ ಅಣ್ಣ. ಗೊತ್ತಿದ್ದ ಹಳೆಯ ನೆಂಟರೆಲ್ಲ ಬಾಯಿಗೆ ಬೀಗ ಹಾಕಿಕೊಂಡು ಟಿ.ವಿ. ನೋಡಿದರು. ಮೂಗುಮುರುಕಿಯೂ ನೋಡಿದಳು.

ಅಣ್ಣನ ಜಾಗ ಬಂತು. ಅಪ್ಪ ಬಾಯಿ ತೆರೆಯುತ್ತಿದ್ದಂತೆ ಅವನು ರಿಮೋಟು ಎತ್ತಿ ಶಬ್ದ ಇಳಿಸಿದ. ಅತ್ತಿಗೆ ಶುರುಮಾಡಿದ ಕೂಡಲೇ ಏರಿಸಿದ. ಟಿ.ವಿ.ಯೊಳಗೂ ಹಾಲಿನಲ್ಲೂ ಚಪ್ಪಾಳೆ ಬಿತ್ತು. ಅಕ್ಕ ಕಣ್ಣು ಒರೆಸಿಕೊಂಡಳು. ಅಣ್ಣ ಈಗ ನಿರಾಳವಾಗಿ ಹಿಂದಕ್ಕೆ ಒರಗಿ ಕೂತ. ಮುಂದೆ ಬರಲಿರುವ ಹಣ್ಣಿನ ಚೀಲದ ವಿಷಯ ಅವನಿಗೆ ಗೊತ್ತಿರಲಿಲ್ಲ.

ಹೊಸ್ತಿಲು ಕಂಡ ಕೂಡಲೇ ಅವಳು ಕೈ ಚಾಚಿ ಅವನ ತೊಡೆಯ ಮೇಲಿದ್ದ ರಿಮೋಟನ್ನು ತೆಗೆದುಕೊಂಡು ಶಬ್ದ ಇಳಿಸುವ ಗುಂಡಿಯ ಮೇಲೆ ಬೆರಳಿಟ್ಟಳು.