ಮನೇಲಿ ಏನಂತ ಕರೀತಾರೆ?

ರಾಮಕೃಷ್ಣನಗರದ ನಮ್ಮ ಮನೆಯ ಶೋಕೇಸಿನಲ್ಲಿ ನಾನು ಚರ್ಚಾಸ್ಪರ್ಧೆಗಳಲ್ಲಿ ಗೆದ್ದ ಕಪ್‌ಗಳು ಸಾಲಾಗಿ ನಿಂತಿವೆ. ಸುಮ್ಮನೆ ನಿಂತಿಲ್ಲ, ಅಮ್ಮ ಅವಕ್ಕೆಲ್ಲ ಒಂದೊಂದು ಉದ್ಯೋಗ ಕೊಟ್ಟಿದ್ದಾಳೆ. ಒಂದರಲ್ಲಿ ಸೇಫ್ಟಿ ಪಿನ್ನು, ಇನ್ನೊಂದರಲ್ಲಿ ಹಳೆಯ ಅಂಗಿಗಳಿಂದ ಬಿಡಿಸಿಟ್ಟ ಗುಂಡಿ, ಅಂತರಕಾಲೇಜು ಮಟ್ಟದ ಆ ಎತ್ತರದ ಕಪ್‌ನಲ್ಲಿ ಊದಿನಕಡ್ಡಿ. ನೆಂಟರು ಬರುವ ದಿನ ನಾಚಿಕೆಯಾಗಿ ಒಮ್ಮೆ ಎಲ್ಲವನ್ನೂ ಬರಿದು ಮಾಡಿಟ್ಟಿದ್ದೆ. “ಗೆದ್ದಿದ್ದು ಸರಿ ಕಣೇ, ಖಾಲಿ ಇಟ್ಕೊಂಡು ಏನ್ ಮಾಡ್ತೀಯ?” ಎಂದು ಅಮ್ಮ ಸಂಜೆಯೊಳಗೆ ಪಿನ್ನುಗಳನ್ನು ಮತ್ತೆ ತುಂಬಿದಳು. ತೀರ್ಪುಗಾರರಿಲ್ಲದ ಕಡೆ ನನ್ನ ವಾದ ಯಾವಾಗಲೂ ಸ್ವಲ್ಪ ಬಡವಾಗುತ್ತದೆ.

ಚರ್ಚೆ ನನಗೆ ಕಲಿಸಿದ ಮೊದಲ ಪಾಠವೆಂದರೆ, ಹೇಳಿಕೆ ಯಾರದೋ ಅದನ್ನು ಸಾಧಿಸಿ ತೋರಿಸುವ ಹೊಣೆಯೂ ಅವರದೇ ಎಂಬುದು. ದೆವ್ವ ಇಲ್ಲವೆಂದು ನಾನು ತೋರಿಸಬೇಕಾಗಿಲ್ಲ, ಇದೆ ಎನ್ನುವವರು ಕರೆದುಕೊಂಡು ಬರಲಿ. ಈ ನ್ಯಾಯವನ್ನು ಕಂಕುಳಲ್ಲಿ ಇಟ್ಟುಕೊಂಡೇ ನಾನು ಕುಂಬಾರಕೊಪ್ಪಲಿನ ಬೇಕರಿಯೊಂದರ ಮೇಲಿರುವ ನಮ್ಮ ನಾಲ್ಕು ಜನರ ಆಫೀಸಿಗೆ ಪ್ರೋಗ್ರಾಮರಾಗಿ ಸೇರಿದ್ದು. ರಕ್ತಪರೀಕ್ಷೆಯ ಲ್ಯಾಬುಗಳಿಗೆ ನಾವು ಸಾಫ್ಟ್‌ವೇರ್ ಬರೆದುಕೊಡುತ್ತೇವೆ. ಬಂದವರ ಹೆಸರು ಬರೆದುಕೊಳ್ಳುವುದರಿಂದ ಹಿಡಿದು ವರದಿ ಡಾಕ್ಟರ ಕೈ ಸೇರುವವರೆಗಿನ ಕೆಲಸವೆಲ್ಲ ಅದರದು. ಈ ವೃತ್ತಿ ನನಗೆಂದೇ ಹುಟ್ಟಿದ್ದು ಅನ್ನಿಸಿತ್ತು, ನೋಡಿ. ವಯಸ್ಸು, ಗೌರವ, ಸಂಪ್ರದಾಯ ಯಾವುದಕ್ಕೂ ಕಂಪ್ಯೂಟರು ಮಣಿಯುವುದಿಲ್ಲ. ಸರಿ ಇದ್ದರೆ ನಡೆಯುತ್ತದೆ, ತಪ್ಪಿದ್ದರೆ ನಿಲ್ಲುತ್ತದೆ. ಇಷ್ಟು ನಿಷ್ಪಕ್ಷಪಾತಿ ತೀರ್ಪುಗಾರ ಯಾವ ಕಾಲೇಜಿನ ಸಭಾಂಗಣದಲ್ಲಿಯೂ ನನಗೆ ಸಿಕ್ಕಿರಲಿಲ್ಲ.

ಸೇರಿದ ಮೂರೇ ತಿಂಗಳಲ್ಲಿ ನಾನೊಂದು ಪದ್ಧತಿ ತಂದೆ. ಪ್ರತಿ ಶುಕ್ರವಾರ ಮಧ್ಯಾಹ್ನ ಹಳೆಯ ಕೋಡಿನ ವಿಚಾರಣೆ. ಅನಗತ್ಯವೆಂದು ತೋರಿದ ಸಾಲುಗಳನ್ನು ಗೋಡೆಯ ಮೇಲಿನ ಪರದೆಗೆ ಹಾಕುವುದು. ಉಳಿಸಬೇಕೆನ್ನುವವರು ಕಾರಣ ಹೇಳಬೇಕು. ಹೇಳಲಾಗದಿದ್ದರೆ ಆ ಸಾಲು ಕೋಡಿನಿಂದ ಗಡೀಪಾರು. ಆ ಕೋಡಿನ ಬಹುಪಾಲು ಬರೆದವರು ನಮ್ಮ ಹಿರಿಯರಾದ ನಿಂಗರಾಜು ಸರ್. ಹತ್ತಿರದ ಹಳ್ಳಿಯ ರೈತ ಮನೆತನದವರು, ರಾಗಿ ಹೊಲ ಇಂದಿಗೂ ಇದೆ, ಮಾತು ಮಾತ್ರ ಮಳೆ ಕೊರತೆಯ ವರ್ಷದಂತೆ ಕಡಿಮೆ. ಇಂಥವರ ಎದುರು ನಾನು ಗೆಲ್ಲುತ್ತಾ ಹೋದೆ ಎಂದರೆ ಅದರಲ್ಲಿ ಹೆಚ್ಚುಗಾರಿಕೆ ಏನಿತ್ತೆಂದು ನೀವು ಕೇಳಬಹುದು. ಆಗ ನಾನು ಕೇಳಿಕೊಂಡಿರಲಿಲ್ಲ.

ಹಾಗೊಂದು ಶುಕ್ರವಾರ ಪರದೆಯ ಮೇಲೆ ಬಂದದ್ದು ಒಂದು ಪ್ರಶ್ನೆ. ಲ್ಯಾಬಿಗೆ ಬಂದವರ ಹೆಸರು, ಫೋನ್ ನಂಬರು ಬರೆದುಕೊಂಡ ಮೇಲೆ ನಮ್ಮ ಸಾಫ್ಟ್‌ವೇರ್ ಇನ್ನೊಂದನ್ನು ಕೇಳುತ್ತಿತ್ತು: “ಮನೇಲಿ ಏನಂತ ಕರೀತಾರೆ?”

“ಸರ್, ಇದು ಲ್ಯಾಬಾ ಇಲ್ಲಾ ನಾಮಕರಣದ ಮನೆಯಾ?” ಎಂದೆ. ಉಳಿದಿಬ್ಬರು ನಕ್ಕರು.

“ಇರ್ಲಿ ಕಣಮ್ಮ, ಅದು ಬೇಕು.”

“ಕೋಡಿನ ಪಕ್ಕದಲ್ಲೂ ನೀವು ಬರೆದಿರೋದು ಅಷ್ಟೇ ಸರ್, ‘ಬೇಕು’ ಅಂತ. ಯಾಕೆ ಬೇಕು?”

ನಿಂಗರಾಜು ಸರ್ ಕನ್ನಡಕ ತೆಗೆದರು, ಒರೆಸಿದರು, ಕಿಟಕಿಯಾಚೆ ನೋಡಿದರು. “ಏನೋ ಇತ್ತು,” ಎಂದರು.

ಹೆಸರು ಒಂದೇ, ಫೋನ್ ನಂಬರೂ ಒಂದೇ ಆದರೆ ಮನುಷ್ಯರೂ ಒಬ್ಬರೇ. ವಯಸ್ಸನ್ನು ನಂಬುವಂತಿಲ್ಲ, ಜನ ಒಂದೊಂದು ಸಲಕ್ಕೆ ಒಂದೊಂದು ಹೇಳುತ್ತಾರೆ. ಅಡ್ಡಹೆಸರು ಕೇಳುತ್ತಾ ಕೂತರೆ ಕೌಂಟರಿನಲ್ಲಿ ಕಾಯುವವರ ಸಾಲು ಉದ್ದವಾಗುತ್ತದೆ. ಹೀಗೆ ಮೂರು ಅಂಶಗಳಲ್ಲಿ ನಾನು ವಾದ ಮುಗಿಸಿದೆ. “ನೀನು ಗೆದ್ದೆ ಬುಡು, ತೆಗಿ ಅತ್ಲಾಗೆ,” ಎಂದರು. ತೆಗೆದೆ. ಸೋಮವಾರ ಹೊಸ ಸಾಫ್ಟ್‌ವೇರ್ ಲ್ಯಾಬುಗಳಿಗೆ ಹೋಯಿತು.

ಗುರುವಾರ ಬೆಳಿಗ್ಗೆ ನಜರ್‌ಬಾದಿನ ಲ್ಯಾಬಿನಿಂದ ಸ್ಟೆಲ್ಲಾ ಅಕ್ಕನ ಫೋನು. ಅಲ್ಲಿನ ಕೌಂಟರಿನಲ್ಲಿ ಹೆಸರು ಬರೆದುಕೊಂಡು ರಕ್ತ ತೆಗೆಯುವವರು ಅವರೇ. “ಏನಮ್ಮ, ನಿಮ್ಮ ಕಂಪ್ಯೂಟರು ನಮ್ಮ ಇಬ್ರು ಮೇರಿನ ಒಬ್ಳು ಮಾಡ್ಬುಟ್ಟಿದೆ. ಬಂದು ಬಿಡಿಸಿಕೊಡಿ.”

ಸ್ಕೂಟರಿನಲ್ಲಿ ಹೋಗುವಾಗಲೂ ನಾನು ಪ್ರತಿವಾದ ಸಿದ್ಧಮಾಡಿಕೊಳ್ಳುತ್ತಿದ್ದೆ ಎಂದರೆ ನಂಬಿ. ಹೋಗಿ ನೋಡಿದರೆ ಬೆಂಚಿನ ಮೇಲೆ ಇಬ್ಬರು ಹೆಂಗಸರು, ಕೊರಳಲ್ಲಿ ಒಂದೇ ಥರದ ಜಪಸರ. ಇಬ್ಬರ ಹೆಸರೂ ಲೂರ್ದು ಮೇರಿ. ಅಣ್ಣತಮ್ಮಂದಿರನ್ನು ಮದುವೆಯಾಗಿ ಒಂದೇ ಮನೆ ಸೇರಿದ ವಾರಗಿತ್ತಿಯರು. ಮನೆಗೆಲ್ಲ ಫೋನು ಎತ್ತುವವಳು ಅವರಲ್ಲೊಬ್ಬರ ಮಗಳು ಮಾತ್ರ ಆದ್ದರಿಂದ ಇಬ್ಬರೂ ಕೊಡುವುದು ಅವಳ ನಂಬರು. ಇಬ್ಬರೂ ಅಂದು ಹಸಿದ ಹೊಟ್ಟೆಯಲ್ಲಿ ಬಂದು ರಕ್ತ ಕೊಟ್ಟಿದ್ದರು. ಎರಡನೆಯವರ ಹೆಸರು ಬರೆದಾಗ ಸಾಫ್ಟ್‌ವೇರ್, ನಾನು ಕಲಿಸಿದಂತೆಯೇ, ಇವರು ಆಗಲೇ ಬಂದಿದ್ದಾರೆ ಎಂದುಕೊಂಡು ಇಬ್ಬರನ್ನೂ ಒಂದೇ ಪುಟಕ್ಕೆ ಸೇರಿಸಿತ್ತು. ಒಬ್ಬರಿಗೆ ಬಹಳ ವರ್ಷಗಳ ಸಕ್ಕರೆ ಕಾಯಿಲೆ, ಇನ್ನೊಬ್ಬರಿಗೆ ಅದರ ಸುಳಿವಿಲ್ಲ. ಆ ವರದಿ ಮಧ್ಯಾಹ್ನ ಡಾಕ್ಟರಿಗೆ ಹೋಗಿದ್ದರೆ ಕಾಯಿಲೆಯಿದ್ದವರ ಮಾತ್ರೆ ನಿಲ್ಲಬಹುದಿತ್ತು, ಇಲ್ಲದವರಿಗೆ ಶುರುವಾಗಬಹುದಿತ್ತು.

ಹೋಗಲಿಲ್ಲ. ಎರಡು ಟ್ಯೂಬಿಗೆ ಒಂದೇ ವರದಿ ಬಂದದ್ದನ್ನು ಕಂಡು ಸ್ಟೆಲ್ಲಾ ಅಕ್ಕ ತಡೆದಿದ್ದರು. ಯಾವ ಟ್ಯೂಬು ಯಾರದೆಂಬ ಸಂಶಯವೂ ಅವರಿಗಿರಲಿಲ್ಲ; ಟ್ಯೂಬಿಗೆ ಅಂಟಿಸಿದ ಚೀಟಿಯ ಮೂಲೆಯಲ್ಲಿ ಪೆನ್ನಿನಿಂದ ಒಂದರ ಮೇಲೆ ‘ದೊಡ್ಡ’ ಎಂದೂ ಇನ್ನೊಂದರ ಮೇಲೆ ‘ಸಣ್ಣ’ ಎಂದೂ ಬರೆದಿತ್ತು.

“ಅಕ್ಕ, ಆ ಪ್ರಶ್ನೆ ಕೇಳೋದು ನಿಂತುಹೋಗಿದೆಯಲ್ಲ, ನೀವು ಹೇಗೆ...”

“ನೀವು ಬಾಯಿ ಮುಚ್ಚಿಸಿದ್ದು ಕಂಪ್ಯೂಟರ್‌ದು. ನಂದಲ್ಲವಲ್ಲ.”

ವಯಸ್ಸು ನೋಡಿ ಹಿರಿಯರೇ ದೊಡ್ಡ ಮೇರಿ ಇರಬೇಕೆಂದು ನಾನು ತರ್ಕಿಸಿ, “ದೊಡ್ಡ ಮೇರಿ ನೀವೇ ಅಲ್ವಾ?” ಎಂದು ಅವರನ್ನು ಕೇಳಿದೆ. “ನಾನಲ್ಲ ಕಣವ್ವ, ನಾನು ಸಣ್ಣ ಮೇರಿ,” ಎಂದರು ನರೆಗೂದಲಿನವರು. “ಇವ್ಳಿಗಿಂತ ಆರು ವರ್ಷ ದೊಡ್ಡೋಳು ನಾನು. ಇವ್ಳು ಅಣ್ಣನ್ನ ಕಟ್ಕೊಂಡ್ಳು, ದೊಡ್ಡ ಮೇರಿ ಆಗ್ಬುಟ್ಲು.”

“ಇಷ್ಟು ವರ್ಷ ಆದ್ಮೇಲೆ ನನ್ ಸಕ್ಕರೆ ಮೇಲೂ ಕಣ್ಣಾಕವ್ಳೆ ನೋಡಿ,” ಎಂದರು ದೊಡ್ಡ ಮೇರಿ. ಇಬ್ಬರೂ ಹೆಗಲಿಗೆ ಹೆಗಲು ತಾಗಿಸಿಕೊಂಡು ನಕ್ಕರು. ನನಗೆ ನಗು ಬರಲಿಲ್ಲ.

“ಆ ಪ್ರಶ್ನೆ ಯಾರು ತೆಗ್ದಿದ್ದು?” ಎಂದು ಸ್ಟೆಲ್ಲಾ ಅಕ್ಕ ಕೇಳಿದರು.

“ನಾನೇ ಅಕ್ಕ.”

“ಯಾಕೆ?”

ಶುಕ್ರವಾರ ಅಷ್ಟು ಸಲೀಸಾಗಿ ಹರಿದಿದ್ದ ಮೂರು ಅಂಶಗಳನ್ನೂ ಆ ಬೆಂಚಿನ ಎದುರು ಪಕ್ಕಕ್ಕಿಟ್ಟೆ. ತಪ್ಪಾಯಿತು ಎಂದೆ. ಮೇರಿಯರಿಗೂ ಹೇಳಿದೆ, ಆಮೇಲೆ ಲ್ಯಾಬಿನ ಡಾಕ್ಟರಿಗೂ ಹೇಳಿದೆ. “ಸರಿಯಾಯ್ತಲ್ಲ, ಬುಡವ್ವ,” ಎಂದ ಸಣ್ಣ ಮೇರಿ ತಾವು ತಂದಿದ್ದ ಇಡ್ಲಿಯ ಡಬ್ಬಿ ಬಿಚ್ಚಿ, ಮೊದಲ ಇಡ್ಲಿಯನ್ನು ನನ್ನ ಕೈಗೆ ಹಾಕಿದರು.

ನನ್ನ ವೃತ್ತಿಗೆ ನಾನು ಋಣಿ. ಅಳಿಸಿದ ಸಾಲನ್ನೂ ಕಾದಿಟ್ಟುಕೊಂಡಿದ್ದು, ಕೇಳಿದಾಗ ಹಿಂದಿರುಗಿಸುವ ಉಪಕರಣ ನಮ್ಮ ಬಳಿ ಇದೆ. ಕತ್ತರಿಸಿದ ಬಟ್ಟೆಯನ್ನು ದರ್ಜಿಗೆ, ಕೆತ್ತಿದ ಮರವನ್ನು ಬಡಗಿಗೆ ಯಾರು ಮರಳಿ ಕೊಡುತ್ತಾರೆ? ಅಲ್ಲಿಯೇ ಕೌಂಟರಿನ ಪಕ್ಕ ಕೂತು ಒಂದೇ ನಿಮಿಷದಲ್ಲಿ ನಾನು ಆ ಪ್ರಶ್ನೆಯನ್ನು ವಾಪಸು ತಂದೆ. ಆದರೆ ಅದೇ ಉಪಕರಣ ಯಾರು ಬರೆದರು, ಯಾವಾಗ ಬರೆದರು ಎಂಬುದನ್ನು ಜತನವಾಗಿಡುತ್ತದೆಯೇ ಹೊರತು, ಏಕೆ ಎಂಬುದನ್ನು ಮನುಷ್ಯರು ಹೇಳದೆ ತಾನಾಗಿ ಅರಿಯದು.

ಆಫೀಸಿಗೆ ಮರಳಿ ನಿಂಗರಾಜು ಸರ್ ಎದುರು ನಿಂತೆ. ಬೈಯಲಿ ಎಂಬ ಆಸೆಯೂ ಇತ್ತು. ಬೈದರೆ ಉತ್ತರ ಕೊಡಬಹುದಲ್ಲ. ಅವರು ಮೇರಿಯರ ಕತೆಯನ್ನೆಲ್ಲ ಕೇಳಿ, “ಓ, ಅದಾ,” ಎಂದರು. “ನಂಗೂ ಮರ್ತೇ ಹೋಗಿತ್ತು ಕಣಮ್ಮ. ಆಗ ಸ್ಟೆಲ್ಲಮ್ಮನೇ ಹೇಳಿದ್ದು, ಒಂದೇ ಮನೇಲಿ ಒಂದೇ ಹೆಸ್ರಿನೋರು ಇರ್ತಾರೆ, ಕೇಳ್ಕೊಳ್ಳಿ ಅಂತ. ಬರ್ದು ಹಾಕ್ಬುಟ್ಟಿದ್ದೆ.”

ನಾನು ಸಂದೇಹ ಬಿಟ್ಟು ಭಕ್ತಳಾಗಿಬಿಟ್ಟೆ ಎಂದುಕೊಳ್ಳಬೇಡಿ. ಕಾರಣವಿಲ್ಲದ ಸಾಲು ಇರಬಾರದು ಎಂಬ ಮಾತಿಗೆ ಈಗಲೂ ಬದ್ಧಳು. ತಿಳಿದದ್ದು ಇಷ್ಟೇ: ಎದುರಿಗಿರುವವರ ಬಾಯಲ್ಲಿ ಕಾರಣವಿಲ್ಲ ಎಂದ ಮಾತ್ರಕ್ಕೆ ಲೋಕದಲ್ಲೇ ಇಲ್ಲವೆಂದಲ್ಲ, ಅದು ಊರಿನ ಇನ್ನೊಂದು ಬದಿಯ ಕೌಂಟರಿನಲ್ಲಿ ಸಿರಿಂಜು ಹಿಡಿದು ಕೂತಿರಬಹುದು. ಸೋತವರ ಮೌನವನ್ನು ನನ್ನ ಗೆಲುವೆಂದು ಬರೆದುಕೊಂಡಿದ್ದೆ. ಅದು ಬರೀ ಮರೆವಾಗಿತ್ತು. ಹೋಗಿ ಕೇಳಿಕೊಂಡು ಬರಬೇಕಾದ ಕೆಲಸ ನನ್ನದಾಗಿತ್ತು.

ಮರುದಿನ ಶುಕ್ರವಾರ. ಹಿಂದಿರುಗಿದ ಪ್ರಶ್ನೆಯ ಪಕ್ಕದಲ್ಲಿದ್ದ ‘ಬೇಕು’ ಎಂಬುದರ ಕೆಳಗೆ ನಾನು ಮೇರಿಯರ ವೃತ್ತಾಂತವನ್ನು ಹೆಸರು ಬಿಟ್ಟು ನಾಲ್ಕು ಸಾಲಿನಲ್ಲಿ ಬರೆದು, “ತೆಗೆಯಬೇಕೆನ್ನಿಸಿದರೆ ಮೊದಲು ಸ್ಟೆಲ್ಲಾ ಅಕ್ಕನನ್ನು ಕೇಳಿ, ಬೆಳಗಿನ ಹೊತ್ತು ಬೇಡ, ಕೈಯಲ್ಲಿ ಸೂಜಿ ಇರುತ್ತದೆ” ಎಂದು ಸೇರಿಸಿದೆ. ಒಪ್ಪಿಗೆಗೆಂದು ನಿಂಗರಾಜು ಸರ್‌ಗೆ ಕಳಿಸಿದೆ. ಒಪ್ಪಿಗೆ ಬಂತು. ಜೊತೆಗೆ, ಮಾತೇ ಕಡಿಮೆಯಿರುವ ಆ ಮನುಷ್ಯ ನನ್ನ ಸಾಲಿನ ಕೆಳಗೆ ತಮ್ಮದೊಂದು ಸಾಲನ್ನೂ ಬರೆದಿದ್ದರು: “ಅವರೂ ಮರೆತಿದ್ದರೆ, ಬೆಂಚಿನ ಮೇಲೆ ಕೂತಿರುವವರನ್ನು ಕೇಳಿ.”