ಮಿಶ್ರಿಕೋಟಿಯ ಹೇಸರಗತ್ತೆ ಸಿಪಾಯಿ

ಮಿಶ್ರಿಕೋಟಿಯ ತಿರಕಪ್ಪ ದಂಡಿನಲ್ಲಿದ್ದ ಅಂದರೆ ಬಂದೂಕು ಹಿಡಿದವನೆಂದೇ ಊರವರು ತಿಳಿದಿದ್ದರು. ಪಾಪ, ಅವನು ಹಿಡಿದದ್ದು ಹೇಸರಗತ್ತೆಗಳ ಹಗ್ಗ. ಹಿಮದ ಗುಡ್ಡಗಳಲ್ಲಿ ಅವುಗಳ ಮೇಲೆ ಹಿಟ್ಟು, ಮದ್ದುಗುಂಡು ಹೇರಿ ಮೇಲಿನ ಠಾಣೆಗೆ ಮುಟ್ಟಿಸುವುದು ಅವನ ಕೆಲಸ. ಕುರಿ ಕಾಯುವ ಮನೆತನದವನು, ಮೂಕಪ್ರಾಣಿಗಳು ಅವನ ಮಾತು ಕೇಳುತ್ತಿದ್ದವು. ೧೯೮೬ರಲ್ಲಿ ಸರಕಾರಕ್ಕೆ ಲಾರಿಗಳೇ ಸಾಕೆನಿಸಿತು. ಅವನ ತುಕಡಿ ಮುಚ್ಚಿತು. "ಬೇಕಾದಾಗ ಕರೆಯುತ್ತೇವೆ" ಎಂದು ಸಾಹೇಬರು ಬೆನ್ನು ತಟ್ಟಿ ಕಳಿಸಿದರು. ದೊಡ್ಡವರ ಬಾಯಿಮಾತು ಅದು. ಇವನು ಅದನ್ನೇ ಮನಸ್ಸಿನಲ್ಲಿ ಗಂಟು ಹಾಕಿಕೊಂಡು ಊರಿಗೆ ಬಂದು ಮನೆಯ ಕುರಿ ಕಾಯತೊಡಗಿದ.

ಮರುವರ್ಷ ಶ್ರಾವಣದಲ್ಲಿ ಸರಕಾರ ಶ್ರೀಲಂಕೆಗೆ ಕೊಟ್ಟ ಮಾತಿನಂತೆ ದಂಡು ಕಳಿಸಿತು. ಚಾದಂಗಡಿಯ ರೇಡಿಯೋದಲ್ಲಿ ಸುದ್ದಿ ಕೇಳಿದ್ದೇ ತಡ, ತಿರಕಪ್ಪನಿಗೆ ಕುಂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಆಳು ಕಡಿಮೆ ಮಾಡಿಕೊಂಡವರು ಕೆಲಸ ಬಂದಾಗ ಹಳಬರನ್ನಲ್ಲದೆ ಇನ್ಯಾರನ್ನು ಕರೆದಾರು?

ಆ ವರ್ಷ ಮಳೆ ತಡವಾಗಿ ಹಿಡಿದಿತ್ತು. ಹಿಡಿದ ಮೇಲೆ ಮಿಶ್ರಿಕೋಟಿಯ ಕಡೆ ಕುರಿ ನಿಲ್ಲಿಸುವಂತಿಲ್ಲ. ಕೆಸರಿನಲ್ಲಿ ಗೊರಸು ಕೊಳೆಯುತ್ತದೆ. ಮಳೆ ಕಡಿಮೆಯಿರುವ ನವಲಗುಂದದ ಕಡೆಗೆ ಹೊಡೆದುಕೊಂಡು ಹೋಗುವುದು ಹಿರಿಯರಿಂದ ಬಂದ ರೂಢಿ. ಹೆಂಡತಿ ಮೈಲಾರವ್ವ ಗಂಟುಮೂಟೆ ಕಟ್ಟಿಟ್ಟು ಎಂಟು ದಿನವಾಗಿತ್ತು.

"ನಾಳೆ ಹೋಗೂಣು. ಕರೆ ಬಂತಂದ್ರ ನಾ ಊರಾಗ ಇರಬೇಕಲ್ಲ?"

"ನಿನ್ನ ನಾಳೆಗೆ ಬೆಂಕಿ ಹತ್ತಲಿ! ಕುರಿ ಕುಂಟಾಕತ್ತಾವ, ಕಣ್ಣಿಗೆ ಕಾಣಂಗಿಲ್ಲೇನು?"

ಅಷ್ಟರಲ್ಲಿ ರಜೆಗೆ ಊರಿಗೆ ಬಂದಿದ್ದ ದಂಡಿನ ಲಾರಿ ಡ್ರೈವರ್ ಮೀರಾಸಾಬನಿಗೆ ತಂತಿ ಬಂತು, ಕೂಡಲೇ ಹಾಜರಾಗು ಎಂದು. ತಿರಕಪ್ಪ ಹಳೆಯ ಬೂಟು ಮೆಟ್ಟಿ ಅವನ ಜೋಡಿ ಬಸ್ಸು ಹತ್ತಿ, ಧಾರವಾಡದಲ್ಲಿ ಮಾಜಿ ಸೈನಿಕರ ಕಚೇರಿಗೆ ಹೋದ.

"ಲಾರಿ ಹೊಡಿತೀರೇನ್ರಿ?" ಗುಮಾಸ್ತ ಕೇಳಿದ.

"ಇಲ್ರಿ. ಹೇಸರಗತ್ತಿ."

ಗುಮಾಸ್ತ ನಗಲಿಲ್ಲ. ನಕ್ಕಿದ್ದರೆ ಜಗಳವಾದರೂ ಆಡಬಹುದಿತ್ತು. "ಆ ಕೆಲಸಕ್ಕ ಇನ್ನ ಕರಿಯಂಗಿಲ್ರಿ. ಮನಿಗೆ ಹೋಗ್ರಿ."

ಮನೆಗೆ ಬಂದರೆ ದೊಡ್ಡಿ ಬರಿದಾಗಿತ್ತು. ಮೈಲಾರವ್ವ ಮುಂಜಾನೆಯೇ ಕುರಿ ಎಬ್ಬಿಸಿಕೊಂಡು ಹೋದಳೆಂದು ನೆರೆಮನೆಯ ಹನಮವ್ವ ಹೇಳಿದಳು. ಮರುದಿನ ಅವನು ಹಿಂಡನ್ನು ಹುಬ್ಬಳ್ಳಿಯ ಆಚೆ ಹಾದಿಯಲ್ಲಿ ಹಿಡಿದ. ಮೈಲಾರವ್ವ ಹೆಗಲ ಮೇಲೊಂದು ಮರಿ ಹೊತ್ತು ಎಲ್ಲಕ್ಕಿಂತ ಹಿಂದೆ ನಡೆಯುತ್ತಿದ್ದಳು.

"ಕರದ್ರೇನು?"

"ಇಲ್ಲ. ಇನ್ನ ಕರಿಯಂಗಿಲ್ಲಂತ."

ಅವಳು ಹಾದಿಯ ಬಾಜು ಕುಸಿದು ಕೂತಿದ್ದ ಕುರಿಯೊಂದನ್ನು ತೋರಿಸಿದಳು. ತಿರಕಪ್ಪ ಕೂತು ಅದರ ಕಾಲೆತ್ತಿದ. ಗೊರಸಿನ ಸಂದಿಯಿಂದ ಕೊಳೆತ ನಾತ ಮುಖಕ್ಕೆ ಬಡಿಯಿತು. ಹಿಮದಲ್ಲಿ ಸರಕಾರದ ಪ್ರಾಣಿಗಳ ಗೊರಸನ್ನು ದಿನಾ ಸಂಜೆ ಬಟ್ಟೆಯಿಂದ ಒರೆಸಿ, ಎಣ್ಣೆ ಸವರಿ ಮಲಗುತ್ತಿದ್ದವನು ಅವನು. ನಾಚಿಕೆ ತಡೆಯದೆ ಹಾದಿಹೋಕರ ಎದುರೇ ಅತ್ತುಬಿಟ್ಟ.

ಮೈಲಾರವ್ವ ನೀರಿನ ಕೊಡ ತಂದು ಅವನ ಮುಂದೆ ಕುಕ್ಕಿದಳು.

"ಅಳೂದು ಆಮ್ಯಾಲ. ಮೊದಲ ತೊಳಿ."